ಕಲಬುರಗಿಗೆ ಮಾಯೆ ಒಗ್ಗದು ಎಂದವರು ಯಾರು?

2025ರ ಆಗಸ್ಟ್ ಕೊನೆಗೆ ತೆರೆಕಂಡ ಮಲಯಾಳಂ ಸಿನಿಮಾ ‘ಲೋಕಃ’ದಲ್ಲಿ ಕೇರಳದ ಐತಿಹ್ಯದ ಯಕ್ಷಿ ಕಳ್ಳಿಯಂಕಾಟ್ಟು ನೀಲಿ ಬೆಂಗಳೂರಿಗೆ ಬಂದು ಮನೆ ಮಾಡುತ್ತಾಳೆ, ಹೊಟ್ಟೆಪಾಡಿಗೆ ಕೆಲಸಕ್ಕೆ ಹೋಗುತ್ತಾಳೆ, ರಾತ್ರಿ ಬೀದಿಯಲ್ಲಿ ಓಡಾಡುತ್ತಾಳೆ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿದ್ದ ಒಂದು ಮಾತಿಗೆ ಕರ್ನಾಟಕದಲ್ಲಿ ಆಕ್ಷೇಪ ಎದ್ದಿತು. ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿತು, ಗಲಾಟೆ ಮುಗಿಯಿತು. ಆದರೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತು. ಕರ್ನಾಟಕದ ಊರಿನ ಗಲ್ಲಿಗಳಲ್ಲಿ ಯಕ್ಷಿಯನ್ನು ನಡೆದಾಡಿಸಲು ಪಕ್ಕದ ಭಾಷೆಯವರಿಗೆ ಸಾಧ್ಯವಾದದ್ದು, ಅದೇ ಗಲ್ಲಿಗಳಲ್ಲಿ ಹುಟ್ಟಿ ಬೆಳೆದ ಕನ್ನಡದ ಕಾದಂಬರಿಗೆ ಯಾಕೆ ಹೊಳೆಯಲಿಲ್ಲ?

ಬೆಂಗಳೂರಿನ ಪಾಡೇ ಹೀಗಾದರೆ ಕಲಬುರಗಿಯ ಮಾತು ಎತ್ತುವಂತೆಯೇ ಇಲ್ಲ. ಇಂದಿನ ನಗರದ ನಡುವೆ ಅದ್ಭುತವನ್ನು ತಂದು ನಿಲ್ಲಿಸುವ ಕಾದಂಬರಿಗೆ ಜಗತ್ತಿನ ಪ್ರಕಾಶಕರು ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ಹದಿಮೂರರಿಂದ ಹದಿನೆಂಟರ ಓದುಗರಿಗಾಗಿ ಬರೆದ ಅಂಥ ಕಾದಂಬರಿ ಕನ್ನಡದಲ್ಲಿ ತೀರ ವಿರಳ. ಯಾಕೆ ಎಂದು ಕೇಳಿದರೆ ಸಿದ್ಧ ಉತ್ತರಗಳು ಮೂರು. ಒಂದು, ಇದು ಲಂಡನ್, ನ್ಯೂಯಾರ್ಕಿನ ಸರಕು, ಇಲ್ಲಿನ ಮಣ್ಣಿನದಲ್ಲ. ಎರಡು, ಮಾಯೆಯ ಕಥೆ ಹೇಳಿದರೆ ಮಕ್ಕಳಲ್ಲಿ ಮೂಢನಂಬಿಕೆ ಬೆಳೆಯುತ್ತದೆ. ಮೂರು, ಹಿಂದುಳಿದ ಜಿಲ್ಲೆಯ ಹುಡುಗರಿಗೆ ಬೇಕಾದದ್ದು ವಾಸ್ತವದ ಅರಿವು. ಬರ, ಬಡತನ, ಪುಣೆ-ಮುಂಬಯಿಗೆ ಗುಳೆ ಹೋಗುವವರ ಬದುಕು ಬಿಟ್ಟು ರೆಕ್ಕೆಯ ಕುದುರೆ ಹತ್ತಿಸುವುದು ಅವರಿಗೆ ಮಾಡುವ ಮೋಸ. ಮೂರೂ ಮಾತಿನಲ್ಲಿ ಕಾಳಜಿ ಇದೆ. ಮೂರೂ ತಪ್ಪು.

ಈ ತಕರಾರುಗಳನ್ನು ತೂಗಿ ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ನೈಜೀರಿಯಾದ ಆಗ್ನೇಯ ಭಾಗದ ಅಬಾ ಎಂಬ ವ್ಯಾಪಾರದ ಊರಿಗೆ ಹೋದರೆ ಸಾಕು. ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನ್ನೇಡಿ ಒಕೊರಾಫೋರ್ 2011ರಲ್ಲಿ ಪ್ರಕಟಿಸಿದ ‘ಅಕಾಟಾ ವಿಚ್’ ಕಾದಂಬರಿ ನಡೆಯುವುದು ಅಲ್ಲೇ. ಅಬಾ ದೇಶದ ರಾಜಧಾನಿಯಲ್ಲ, ಪ್ರವಾಸಿಗರು ಫೋಟೊ ಹೊಡೆಯಲು ಬರುವ ಊರೂ ಅಲ್ಲ. ಸೆಕೆ, ಸಂತೆ, ಧೂಳು, ಹೋಗಿ ಬರುವ ಕರೆಂಟು ಇರುವ ಊರು. ಕಥೆಯೇ ಕರೆಂಟು ಹೋದಾಗ ಹಚ್ಚಿದ ಮೇಣದಬತ್ತಿಯಿಂದ ಶುರುವಾಗುತ್ತದೆ. ಆ ಜ್ವಾಲೆಯೊಳಗೆ ಸನ್ನಿ ಎಂಬ ಹನ್ನೆರಡರ ಹುಡುಗಿಗೆ ಲೋಕದ ಅಂತ್ಯ ಕಾಣಿಸುತ್ತದೆ.

ಸನ್ನಿ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆಯುತ್ತಿರುವುದು ಅಬಾದಲ್ಲಿ. ಹುಟ್ಟಿನಿಂದಲೇ ಮೈಗೂ ಕೂದಲಿಗೂ ಬಣ್ಣವಿಲ್ಲದ ಆಲ್ಬಿನೊ. ಫುಟ್‌ಬಾಲ್ ಎಂದರೆ ಪ್ರಾಣ, ಆದರೆ ಬಿಸಿಲಿಗೆ ಮೈ ಸುಡುತ್ತದೆ. ಕಪ್ಪು ಕೊಡೆ ಹಿಡಿದೇ ಶಾಲೆಗೆ ಹೋಗಬೇಕು. ಕಾದಂಬರಿಯ ಮೊದಲ ಬಲ ಇರುವುದು ಇಲ್ಲಿ. ಊರು ಯಾವುದನ್ನು ಅವಳ ಕೊರತೆ ಎಂದು ಆಡಿಕೊಳ್ಳುತ್ತದೋ ಅದೇ ಅವಳನ್ನು ಎರಡು ಲೋಕಗಳ ನಡುವೆ ದಾಟಿಸುತ್ತದೆ. ಅವಳ ಗೆಳೆಯ ಓರ್ಲುವಿಗೆ ಅಕ್ಷರಗಳು ಕಣ್ಣಮುಂದೆ ಕಲಸಿಹೋಗುವ ಡಿಸ್ಲೆಕ್ಸಿಯಾ. ಬೇರೆಯವರು ಹಾಕಿದ ಮಾಟವನ್ನು ಬಿಚ್ಚುವ ವಿದ್ಯೆ ಒಲಿದಿರುವುದು ಅವನಿಗೇ. ನೀತಿಪಾಠದ ಪುಸ್ತಕ ಇದನ್ನು ‘ಅಂಗವಿಕಲರನ್ನು ಗೌರವಿಸಿ’ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಿತ್ತು. ಒಕೊರಾಫೋರ್ ಅದನ್ನು ಕಥೆಯ ಯಂತ್ರದೊಳಗೇ ಕೂರಿಸುತ್ತಾರೆ. ಓದುವ ಹುಡುಗನಿಗೆ ಉಪದೇಶ ಕೇಳಿಸುವುದಿಲ್ಲ.

ಎರಡನೇ ಬಲ ಜ್ಞಾನಕ್ಕೆ ಕೊಟ್ಟಿರುವ ಬೆಲೆ. ಈ ಮಾಯಾಲೋಕದಲ್ಲಿ ಯಾರಾದರೂ ಹೊಸದೊಂದನ್ನು ನಿಜಕ್ಕೂ ಕಲಿತರೆ ಗಾಳಿಯಿಂದ ‘ಚಿಟ್ಟಿಂ’ ಎಂಬ ನಾಣ್ಯಗಳು ಕಾಲಬುಡಕ್ಕೆ ಉದುರುತ್ತವೆ. ಕಲಿತೇ ಗಳಿಸಬೇಕು. ಈ ಲೋಕದ ಅಧಿಕಾರದ ಕೇಂದ್ರವಾಗಿರುವುದೂ ಒಂದು ಗ್ರಂಥಾಲಯ. ಅಂಕಪಟ್ಟಿಯೊಂದೇ ಕಲಿಕೆಯ ಗುರುತು ಎಂದು ಬೆಳೆದ ಮಕ್ಕಳಿಗೆ ಈ ಕಲ್ಪನೆ ಎಷ್ಟು ಹಿತವೆಂದು ಮೇಷ್ಟರುಗಳಿಗೆ ಬಿಡಿಸಿ ಹೇಳಬೇಕಿಲ್ಲ.

ದೋಷಗಳೂ ಇವೆ, ಮುಚ್ಚಿಡಬೇಕಾದ ಕಾರಣವಿಲ್ಲ. ತನಗೇ ಗೊತ್ತಿರದ ಶಕ್ತಿಯುಳ್ಳ ಮಗು, ಜೊತೆಗೆ ಮೂವರು ಗೆಳೆಯರು, ಗುಟ್ಟಿನ ಪೇಟೆ, ಕಠಿಣ ಗುರು, ಮಾಯಾವಿಗಳ ಪಂದ್ಯಾವಳಿ: ಈ ಚೌಕಟ್ಟು ಹ್ಯಾರಿ ಪಾಟರ್ ಓದಿದವರಿಗೆ ಕಂಠಪಾಠ. ಆ ಲೋಕದ ನಿಯಮಗಳನ್ನು ಕೈಪಿಡಿಯೊಂದರ ಪುಟಗಳ ಮೂಲಕ ವಿವರಿಸುತ್ತ ಹೋಗುವುದರಿಂದ ಕಥೆ ಅಲ್ಲಲ್ಲಿ ನಿಂತು ಪಾಠ ಓದಿದಂತಾಗುತ್ತದೆ. ಮಕ್ಕಳನ್ನು ಅಪಹರಿಸಿ ಕೊಲ್ಲುವ ‘ಬ್ಲ್ಯಾಕ್ ಹ್ಯಾಟ್’ನನ್ನು ಎದುರಿಸಲು ದೊಡ್ಡವರು ನಾಲ್ಕು ಮಕ್ಕಳನ್ನು ಮುಂದೆ ದೂಡುವುದಕ್ಕೆ ಕೊಟ್ಟ ಕಾರಣ ತೆಳು. ಪುಸ್ತಕದುದ್ದಕ್ಕೂ ಹೆದರಿಸಿದ ಆ ಖಳನೊಡನೆ ಕೊನೆಯ ಹೋರಾಟ ಕೆಲವೇ ಪುಟಗಳಲ್ಲಿ ತೀರಿಹೋಗುತ್ತದೆ.

ಈ ದೋಷಗಳ ಪಟ್ಟಿ ಹಿಡಿದು ‘ನೋಡಿ, ಕೊನೆಗೂ ಪಾಟರನ ನಕಲೇ’ ಎಂದು ಪುಸ್ತಕ ಮುಚ್ಚುವವರು ಅರ್ಧ ಮಾತ್ರ ಓದಿದವರು. ಕಾದಂಬರಿ ಎಲ್ಲೆಲ್ಲಿ ಸಡಿಲವಾಗಿದೆ ಎಂದು ನೋಡಬೇಕು: ಪರದೇಶದ ಅಚ್ಚಿಗೆ ಮೈಯೊಡ್ಡಿದಲ್ಲಿ. ಎಲ್ಲೆಲ್ಲಿ ಬಿಗಿಯಾಗಿದೆ? ಅಬಾದ ಬಿಸಿಲಿನಲ್ಲಿ, ಮಾರುಕಟ್ಟೆಯಲ್ಲಿ, ಇಗ್ಬೊ ಅಜ್ಜಿಯರ ನಂಬಿಕೆಯಲ್ಲಿ, ಕತ್ತಲೆಯ ಮೇಣದಬತ್ತಿಯಲ್ಲಿ. ಅಂದರೆ ಈ ಪುಸ್ತಕದ ಸೋಲು-ಗೆಲುವು ಎರಡೂ ಒಂದೇ ದಿಕ್ಕಿಗೆ ಬೆರಳು ಮಾಡುತ್ತವೆ. ಈ ಪ್ರಕಾರಕ್ಕೆ ಮಹಾನಗರ ಬೇಕಿಲ್ಲ, ತನ್ನ ಊರನ್ನು ಗಟ್ಟಿಯಾಗಿ ಹಿಡಿದ ಬರಹಗಾರ ಬೇಕು. ಗ್ರೀಕ್ ದೇವತೆಗಳ ಒಲಿಂಪಸ್ಸನ್ನು ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಗೆ ಏರಿಸಿದ ‘ಪರ್ಸಿ ಜಾಕ್ಸನ್’ ಗೆದ್ದದ್ದೂ ಅದೇ ದಾರಿಯಲ್ಲಿ. ಆ ಕಟ್ಟಡ ಓದುಗರಿಗೆ ಪರಿಚಿತವಾಗಿತ್ತು, ಅದರ ನೆತ್ತಿಯ ಮೇಲೆ ಇನ್ನೊಂದು ಲೋಕ ಕೂತದ್ದು ಹೊಸದಾಗಿತ್ತು.

ಇನ್ನು ‘ಇಲ್ಲಿನ ಮಣ್ಣಿನದಲ್ಲ’ ಎಂಬ ಮಾತು. ಇದನ್ನು ಕಲಬುರಗಿಯಲ್ಲಿ ನಿಂತು ಹೇಳುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು. ಇಂದು ಸಿಕ್ಕಿರುವ ದಖ್ಖನಿ ಮಸನವಿಗಳಲ್ಲಿ (ಕಥನಕಾವ್ಯಗಳಲ್ಲಿ) ಅತಿ ಹಳೆಯದೆನ್ನುವ ‘ಕದಮ್ ರಾವ್ ಪದಮ್ ರಾವ್’ 15ನೇ ಶತಮಾನದ ಮೊದಲರ್ಧದ್ದು, ಕವಿ ನಿಜಾಮಿ ಅದನ್ನು ಬರೆದದ್ದು ಬಹಮನಿ ಆಳ್ವಿಕೆಯಲ್ಲಿ. ಕಥೆ ಏನು? ಯೋಗಿಯೊಬ್ಬ ಪರಕಾಯಪ್ರವೇಶದ ವಿದ್ಯೆ ಕಲಿಸಿ ರಾಜನ ದೇಹವನ್ನೇ ಲಪಟಾಯಿಸುತ್ತಾನೆ, ರಾಜ ಹಕ್ಕಿಯ ಮೈಯಲ್ಲಿ ಸಿಕ್ಕಿಬೀಳುತ್ತಾನೆ. ಉರ್ದು ವಿದ್ವಾಂಸ ಜಮೀಲ್ ಜಾಲಿಬಿ ಇದನ್ನು 1973ರಲ್ಲಿ ಕರಾಚಿಯಿಂದ ಸಂಪಾದಿಸಿ ಹೊರತಂದರು. ಆರು ಶತಮಾನಗಳ ಹಿಂದೆಯೇ ಈ ಸೀಮೆಯ ಒಂದು ಭಾಷೆ ತನ್ನ ಕಾವ್ಯಯಾನವನ್ನು ಅದ್ಭುತದೊಂದಿಗೇ ಆರಂಭಿಸಿದ್ದರೆ, ಅದ್ಭುತ ವಿಲಾಯತಿಯದು ಎನ್ನುವುದು ಹೇಗೆ?

ಕನ್ನಡದ ಕಡೆಗೆ ಬಂದರೆ ಅಲ್ಲಮನ ಕಥೆಯೇ ಇದೆ. ಕಾಲಿನಿಂದ ಕೆದಕಿದ ನೆಲದಲ್ಲಿ ಶಿಖರ ಕಾಣುತ್ತದೆ, ಅಗೆದರೆ ಗುಡಿ, ಗುಡಿಯ ಬಾಗಿಲ ಆಚೆ ಕಣ್ಣುಮಿಟುಕಿಸದ ಅನಿಮಿಷ, ಅವನ ಕೈಯಲ್ಲಿ ಲಿಂಗ. ದಿನವೂ ತುಳಿಯುವ ನೆಲದ ಕೆಳಗೆ ಇನ್ನೊಂದು ಲೋಕದ ಬಾಗಿಲು ಇರುವುದು ಇಂದಿನ ಅರ್ಬನ್ ಫ್ಯಾಂಟಸಿಯ ಅಚ್ಚುಮೆಚ್ಚಿನ ಹೂಟ. ಕನ್ನಡದವರು ಅದನ್ನು ನೂರಾರು ವರ್ಷಗಳಿಂದ ಪುರಾಣ-ಪ್ರವಚನದಲ್ಲಿ ಕೇಳುತ್ತ ಬಂದಿದ್ದಾರೆ.

ಆಧುನಿಕ ಕಾಲದಲ್ಲೂ ದಾರಿ ಮುಚ್ಚಿರಲಿಲ್ಲ. ‘ಹಯವದನ’ದಲ್ಲಿ ತಲೆಗಳು ಅದಲುಬದಲಾದವು, ‘ನಾಗಮಂಡಲ’ದಲ್ಲಿ ಹಾವು ಗಂಡನ ರೂಪ ತಾಳಿತು, ಗಿರೀಶ ಕಾರ್ನಾಡರನ್ನು ಪಲಾಯನವಾದಿ ಎಂದು ಯಾರೂ ಮೂಲೆಗುಂಪು ಮಾಡಲಿಲ್ಲ. ಚಂದ್ರಶೇಖರ ಕಂಬಾರರ ಯಕ್ಷಿಯರೂ ಶಿವಾಪುರವೂ ವಿಶ್ವವಿದ್ಯಾಲಯಗಳ ಪಠ್ಯವಾದವು. ಇಬ್ಬರಿಗೂ ಜ್ಞಾನಪೀಠ ಬಂತು. ದೊಡ್ಡವರ ನಾಟಕದಲ್ಲಿ ಹಾವು ಮನೆಯೊಳಗೆ ಬಂದರೆ ಜಾನಪದದ ಪುನರ್ಸೃಷ್ಟಿ, ಹದಿನೈದರ ಹುಡುಗಿಯ ಕಾದಂಬರಿಯಲ್ಲಿ ಬಂದರೆ ಪರದೇಶಿ ಹುಚ್ಚು! ಈ ಇಬ್ಬಗೆಯ ಅಳತೆಗೋಲು ಯಾವ ವಿಮರ್ಶಾಶಾಸ್ತ್ರದಲ್ಲಿದೆ?

ಓದುಗರಂತೂ ಎಂದೂ ಹಿಂಜರಿಯಲಿಲ್ಲ. ‘ಚಂದಮಾಮ’ದ ಬೇತಾಳನನ್ನು ತಲೆಮಾರುಗಳು ಹೆಗಲ ಮೇಲೆ ಹೊತ್ತವು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಬಂದಾಗ ಕನ್ನಡದ ಮನೆಮನೆಯಲ್ಲಿ ಅದರ ಮಾತು. 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಆಧುನಿಕ ನಗರದ ಮಧ್ಯಮವರ್ಗದ ಮನೆಯೊಳಗೆ ಮಾಟ ಹೊಕ್ಕ ಕಥೆಯನ್ನು ಅಷ್ಟೊಂದು ಜನ ಓದಿದ ಭಾಷೆಗೆ ಈ ಪ್ರಕಾರ ಅನ್ಯವೆನ್ನುವುದು ಸುಳ್ಳು. ಅನ್ಯವಾಗಿರುವುದು ಹದಿಹರೆಯದ ಓದುಗ ಮಾತ್ರ. ಅವನಿಗೆ ಕೈತುಂಬ ಕೊಡುವವರಿಲ್ಲ.

ಊರಿನ ಮಾತು ಬಾಕಿ ಇದೆ. ‘ಕಲಬುರಗಿಯಾಗ ಏನದ ಅಂತ ಬರೀಬೇಕು?’ ಎಂದು ಕೇಳುವವರು ಅಲ್ಲಿಯೇ ಹುಟ್ಟಿದವರಾಗಿರುವುದು ವಿಚಿತ್ರ. 1347ರಲ್ಲಿ ರಾಜಧಾನಿಯಾಗಿ, 15ನೇ ಶತಮಾನದಲ್ಲಿ ಸುಲ್ತಾನರು ಬೀದರಿಗೆ ಹೊರಟುಹೋದ ಮೇಲೆ ಬಿಟ್ಟ ಅರಮನೆಯಂತೆ ಉಳಿದ ನಗರ ಇದು. ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ಹೆಚ್ಚಿನ ಮಸೀದಿಗಳಂತೆ ಬಯಲು ಅಂಗಳವಿಲ್ಲ. ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಚಾವಣಿ, ಒಳಗೆ ಒಂದರ ಹಿಂದೊಂದು ತೆರೆಯುವ ಕಮಾನುಗಳು. ಮಟಮಟ ಮಧ್ಯಾಹ್ನವೂ ಆ ಸಾಲುಗಳಲ್ಲಿ ನೆರಳು ತಣ್ಣಗೆ ಬಿದ್ದಿರುತ್ತದೆ. ಊರ ಪೂರ್ವಕ್ಕೆ ಹಫ್ತ್ ಗುಂಬಜ್, ಪಶ್ಚಿಮದ ದಿಬ್ಬದ ಮೇಲೆ ಒಂಟಿಯಾಗಿ ಚೋರ್ ಗುಂಬಜ್. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಉರುಸಿಗೆ ಸಂದಲ್ ಮೆರವಣಿಗೆ, ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರರ ತೇರು. ಎರಡಕ್ಕೂ ಹೋಗುವ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಸೇಡಂ ರಸ್ತೆಯಲ್ಲಿ ಹೊರಟರೆ ಬುದ್ಧವಿಹಾರ. ಅದೇ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ. ಒಂದೇ ನೆಲದ ಮೇಲೆ ಇಷ್ಟು ಕಾಲಗಳು ಪದರಪದರವಾಗಿ ಬಿದ್ದಿರುವ ಜಾಗವನ್ನು ಹುಡುಕಿಕೊಂಡು ಲಂಡನ್ನಿನ ಲೇಖಕರು ಗ್ರಂಥಾಲಯಕ್ಕೆ ಹೋಗುತ್ತಾರೆ. ಇಲ್ಲಿ ಸೂಪರ್ ಮಾರ್ಕೆಟ್‌ನಿಂದ ಆಟೊ ಹಿಡಿದರೆ ಸಾಕು.

ಬರೀ ಸ್ಮಾರಕಗಳಿಂದ ಕಾದಂಬರಿ ಆಗುವುದಿಲ್ಲ, ನಿಜ. ಪ್ರವಾಸೋದ್ಯಮ ಇಲಾಖೆಯ ಕರಪತ್ರ ಆಗಬಹುದು. ಮಾಯೆಗೆ ಬೇಕಾದದ್ದು ದಿನನಿತ್ಯದ ಸಾಮಾನ್ಯ ಜಾಗ, ದಾಲ್ ಮಿಲ್ಲುಗಳ ಸದ್ದು, ಟ್ಯೂಶನ್ನಿಗೆ ಹೋಗುವ ದಾರಿ. ಅದಕ್ಕೆ ಕಮಲಾಪುರಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಲಬುರಗಿಯಿಂದ ಹುಮನಾಬಾದ್ ಹೆದ್ದಾರಿಯಲ್ಲಿ ಸಿಗುವ ಈ ತಾಲ್ಲೂಕು ಕೇಂದ್ರವನ್ನು ಹೊರಗಿನವರು ಬಸ್ಸಿನ ಕಿಟಕಿಯಿಂದ ನೋಡಿ ಮರೆಯುತ್ತಾರೆ. ಆದರೆ ಭೌಗೋಳಿಕ ಸೂಚಿಕೆ ಪಡೆದ ಇಲ್ಲಿನ ಕೆಂಪು ಬಾಳೆ ಬೇರೆ ಬಾಳೆಗಳಿಗಿಂತ ತಡವಾಗಿ ಗೊನೆ ಬಿಡುತ್ತದೆ, ದಪ್ಪ ಸಿಪ್ಪೆಯ ಹಣ್ಣು ದುಬಾರಿ ಬೆಲೆಗೆ ಹೋಗುತ್ತದೆ, ಬೇರೆಡೆ ನೆಟ್ಟರೆ ಅದೇ ರುಚಿ ಬಾರದೆಂಬುದು ಬೆಳೆಗಾರರ ಮಾತು. ದಶಕಗಳ ಕಾಯುವಿಕೆಯ ಬಳಿಕ 2017ರಲ್ಲಿ ಪೂರ್ಣಗೊಂಡ ಕಲಬುರಗಿ-ಬೀದರ್ ರೈಲು ಮಾರ್ಗ ಈ ತಾಲ್ಲೂಕಿನ ಮರಗುತ್ತಿ ಬಳಿ ಸುರಂಗ ಹೊಕ್ಕು ಹೊರಬರುತ್ತದೆ. ಕಲಬುರಗಿಯ ಕಾಲೇಜಿಗೆ ಓಡಾಡುವ ಕಮಲಾಪುರದ ಹುಡುಗಿ, ಒಂದು ಹಣ್ಣು, ಒಂದು ಸುರಂಗ. ಹಳೆಯ ರಾಜಧಾನಿಯಿಂದ ಹೊಸ ರಾಜಧಾನಿಗೆ ಹೋಗುವ ದಾರಿಯಲ್ಲಿ ಕತ್ತಲೆಯ ತುಣುಕೊಂದು ಸಿಕ್ಕರೆ ಒಕೊರಾಫೋರ್ ಬಿಡುತ್ತಿದ್ದರೇ?

ಭಾಷೆಯೂ ಸಿದ್ಧವಾಗಿದೆ. ಗೀತಾ ನಾಗಭೂಷಣ ‘ಬದುಕು’ ಕಾದಂಬರಿಯಲ್ಲಿ ಈ ಸೀಮೆಯ ಮಾತನ್ನು ಎಗ್ಗಿಲ್ಲದೆ ಬಳಸಿದರು, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅವರ ವಾಸ್ತವವಾದವನ್ನು ಮುಂದಿಟ್ಟು ‘ಇದೇ ನಮ್ಮ ದಾರಿ, ಉಳಿದದ್ದು ಬೇಡ’ ಎನ್ನುವವರು ಅವರಿಗೂ ಅನ್ಯಾಯ ಮಾಡುತ್ತಾರೆ. ದೊಡ್ಡ ಲೇಖಕಿ ತೆರೆದ ಬಾಗಿಲನ್ನು ಬೇಲಿ ಮಾಡಬಾರದು.

ಈಗ ಮೂಢನಂಬಿಕೆಯ ಆಕ್ಷೇಪ. ಮೂರರಲ್ಲಿ ಇದೇ ಗಂಭೀರವಾದದ್ದು, ಯಾಕೆಂದರೆ ಇದಕ್ಕೆ ಈ ಜಿಲ್ಲೆಯಲ್ಲೇ ರಕ್ತಮಾಂಸದ ಸಾಕ್ಷಿಯಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದರು, ಗುಣವಾದೀತೆಂಬ ಆಸೆಯಲ್ಲಿ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ರೂಪುಗೊಂಡ ರಾಜ್ಯದ ಕಾಯ್ದೆ ಜಾರಿಗೆ ಬಂದದ್ದು ಅದರ ಮರುತಿಂಗಳು, 2020ರ ಜನವರಿಯಲ್ಲಿ. ಇಂಥ ನೆಲದಲ್ಲಿ ಮಕ್ಕಳ ಕೈಗೆ ಮಾಯೆಯ ಪುಸ್ತಕ ಕೊಡಬೇಕೇ?

ಕೊಡಬೇಕು. ಮೂಢನಂಬಿಕೆ ತಾನು ಸತ್ಯವೆಂದು ಹೇಳಿಕೊಳ್ಳುತ್ತದೆ, ಪ್ರಶ್ನೆ ಕೇಳಿದವರನ್ನು ಗದರಿಸುತ್ತದೆ. ಕಾದಂಬರಿ ಮೊದಲ ಪುಟದಲ್ಲೇ ತಾನು ಕಟ್ಟುಕಥೆ ಎಂದು ಒಪ್ಪಿಕೊಂಡಿರುತ್ತದೆ, ಪ್ರಶ್ನೆ ಕೇಳದಿದ್ದರೆ ಮುಂದೆ ಸಾಗುವುದೇ ಇಲ್ಲ. ಹದಿನಾಲ್ಕರ ಓದುಗನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲವೆಂದು ಭಾವಿಸುವುದು ಅವನ ಬುದ್ಧಿಗೆ ಮಾಡುವ ಅವಮಾನ. ‘ಅಕಾಟಾ ವಿಚ್’ನ ಖಳ ಶಕ್ತಿಗಾಗಿ ಮಕ್ಕಳನ್ನು ಬಲಿಕೊಡುವವನು. ಪೂರ್ವ ಆಫ್ರಿಕಾದ ತಾಂಜಾನಿಯಾದಲ್ಲಿ ಆಲ್ಬಿನೊಗಳನ್ನು ಮಾಟಕ್ಕಾಗಿ ಕೊಂದ ಪ್ರಕರಣಗಳು ಲೋಕಕ್ಕೆ ಗೊತ್ತು. ಅಂಥ ಖಂಡದ ಕಥೆಯಲ್ಲಿ ಆಲ್ಬಿನೊ ಹುಡುಗಿಯೊಬ್ಬಳು ಬಲಿಗಾರನನ್ನು ಎದುರಿಸಿ ನಿಲ್ಲುತ್ತಾಳೆ. ಮಣ್ಣಿನಲ್ಲಿ ಹೂತ ಮಕ್ಕಳ ಪರವಾಗಿ ಮಾತಾಡಲು ಇದಕ್ಕಿಂತ ಹರಿತವಾದ ಸಾಹಿತ್ಯರೂಪ ಯಾವುದಿದೆ? ಭಾಷಣ ಕೇಳಿ ಬದಲಾಗದ ಮನೆಯಲ್ಲಿ, ಆ ಮಗುವೇ ನಾಯಕಿಯಾದ ಕಥೆ ಒಳಗೆ ಹೋಗಬಲ್ಲದು. ಹಾಗಂತ ಈ ಹೆಸರಿನಲ್ಲಿ ಬರುವ ಎಲ್ಲವೂ ಒಳ್ಳೆಯದಲ್ಲ. ಗ್ರಹಣದ ಭಯವನ್ನೇ ಬಂಡವಾಳ ಮಾಡಿಕೊಂಡು ಮಂತ್ರವಾದಿಯನ್ನು ಮೆರೆಸುವ ಪುಸ್ತಕ ಬಂದರೆ ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಝಾಡಿಸಲಿ. ಆ ಕೆಲಸ ಮಾಡಬೇಕಾದರೂ ಮೊದಲು ಪುಸ್ತಕಗಳು ಬರಬೇಕು.

ಕೊನೆಯದು, ‘ಮೊದಲು ಪಾಸಾಗಲಿ, ಆಮೇಲೆ ಮಾಯೆ’ ಎಂಬ ವಾದ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಪಾಸಾದವರು ಶೇ 42ರಷ್ಟು. ಅದೇ ವರ್ಷ ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ 91. ಈ ಅಂಕಿ ನಾಚಿಕೆ ತರುವಂಥದ್ದು, ಆದರೆ ನಾಚಬೇಕಾದವರು ಮಕ್ಕಳಲ್ಲ. ಶಿಕ್ಷಕರ ಕೊರತೆ, ಗುಳೆ, ಮನೆಯ ಬಡತನ ಎಲ್ಲವೂ ಇದರ ಹಿಂದಿವೆ. ಒಂದು ಕಾದಂಬರಿ ಅವನ್ನು ತೀರಿಸುವುದಿಲ್ಲ. ಆದರೆ ತನ್ನ ಇಷ್ಟಕ್ಕೆ ಒಂದೂ ಪುಸ್ತಕ ಓದಿ ಮುಗಿಸದ ಮಗುವಿಗೆ ಪಠ್ಯವನ್ನೂ ಪ್ರಶ್ನೆಪತ್ರಿಕೆಯನ್ನೂ ಸಲೀಸಾಗಿ ಓದು ಎಂದರೆ ಹೇಗೆ? ಮುಂದಿನ ಪುಟದಲ್ಲಿ ಏನಾಗುತ್ತದೋ ಎಂಬ ಕುತೂಹಲಕ್ಕೆ ಮುನ್ನೂರು ಪುಟ ಓದಿದ ಹುಡುಗ ಕನ್ನಡದ ಉದ್ದ ವಾಕ್ಯಕ್ಕೆ ಹೆದರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ‘ಫೇಲು’ ಎಂಬ ಮುದ್ರೆ ಹೊತ್ತ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಓರ್ಲುವಿನಂಥ ನಾಯಕ ಬೇಕು. ಅಂಕಪಟ್ಟಿಗೆ ಕಾಣದ ಶಕ್ತಿಯೊಂದು ತನ್ನಲ್ಲಿದೆಯೆಂದು ನಂಬುವ ಹಕ್ಕು ಅವರಿಗೂ ಇದೆ.

ಮತ್ತೆ, ವಾಸ್ತವದ ಕಥೆ ಎಂದು ಈ ಮಕ್ಕಳಿಗೆ ಕೊಡುತ್ತ ಬಂದದ್ದಾದರೂ ಏನು? ಬಹುಪಾಲು ಅವರ ಬಡತನದ ಬಗ್ಗೆ ಬೇರೆಯವರ ಮರುಕ. ಬರದ ನಾಡಿನ ಹುಡುಗನಿಗೆ ಬರದ ಬಗ್ಗೆ ಪಾಠ ಬೇಕಿಲ್ಲ, ಅದು ಅವನ ಮನೆಯ ಕೊಡದಲ್ಲೇ ಇದೆ. ಬೆಂಗಳೂರಿನ ಹುಡುಗನಿಗೆ ಅದ್ಭುತ, ಕಲಬುರಗಿಯ ಹುಡುಗನಿಗೆ ಅನುಕಂಪ ಎಂದು ಹಂಚುವುದು ಪ್ರಾದೇಶಿಕ ಅಸಮತೋಲನದ ಇನ್ನೊಂದು ಮುಖ. ಅದನ್ನು ಸರಿಪಡಿಸಲು ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಸಾಲದು.

ಹಾಗಾದರೆ ಪುಸ್ತಕಗಳು ಯಾಕಿಲ್ಲ? ಉತ್ತರ ಸಂಸ್ಕೃತಿಯಲ್ಲಿಲ್ಲ, ವ್ಯವಹಾರದಲ್ಲಿದೆ. ಕನ್ನಡದ ಪ್ರಕಾಶಕರಿಗೆ ಮಕ್ಕಳ ಪುಸ್ತಕವೆಂದರೆ ಹತ್ತು ವರ್ಷದೊಳಗಿನವರ ಚಿತ್ರಕಥೆ, ಅಲ್ಲಿಂದ ಒಂದೇ ನೆಗೆತಕ್ಕೆ ದೊಡ್ಡವರ ಕಾದಂಬರಿ. ನಡುವಿನ ವಯಸ್ಸಿನವರು ಪರೀಕ್ಷಾ ಗೈಡುಗಳ ಗಿರಾಕಿಗಳು ಮಾತ್ರ. ಆ ಅಂತರವನ್ನು ಹಿಂದೆ ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ ತುಂಬಿದವು, ಈಚೆಗೆ ಕೆ.ಎನ್. ಗಣೇಶಯ್ಯನವರ ಇತಿಹಾಸದ ಥ್ರಿಲ್ಲರುಗಳು ತುಂಬುತ್ತಿವೆ. ಅವು ಹದಿಹರೆಯದವರಿಗೆಂದು ಬರೆದವಲ್ಲ, ಆದರೂ ಅವರು ಹುಡುಕಿಕೊಂಡು ಹೋದರು. ಬೇಡಿಕೆಗೆ ಇದಕ್ಕಿಂತ ಪುರಾವೆ ಬೇಕೇ?

ಕಲಬುರಗಿಗೆ ಸಾಧನಗಳ ಕೊರತೆಯೂ ಇಲ್ಲ. 1928, 1949, 1987, 2020, ನಾಲ್ಕು ಅಖಿಲ ಭಾರತ ಸಾಹಿತ್ಯ ಸಮ್ಮೇಳನಗಳನ್ನು ನಡೆಸಿದ ಊರು. ಕೊನೆಯದರ ಅಧ್ಯಕ್ಷರು ಮಕ್ಕಳಿಗಾಗಿ ಮನಸಾರೆ ಬರೆದ ಎಚ್.ಎಸ್. ವೆಂಕಟೇಶಮೂರ್ತಿ. ಸಿದ್ಧಲಿಂಗೇಶ್ವರ ಪ್ರಕಾಶನದಂಥ ಸಂಸ್ಥೆ ಇಲ್ಲಿಂದಲೇ ಪುಸ್ತಕ ಹೊರತರುತ್ತಿದೆ. ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕೈಯಲ್ಲಿ ಸಾವಿರಾರು ಕೋಟಿ ರೂಪಾಯಿಗಳ ಅನುದಾನವಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಕಪಾಟುಗಳಿವೆ.

ಆದ್ದರಿಂದ ಕೇಳಬೇಕಾದದ್ದು ಇಷ್ಟೇ. ಮಂಡಳಿ ಶಾಲಾಕೊಠಡಿಗಳಿಗೆ ಕೊಡುವ ಹಣದ ಒಂದು ಸಣ್ಣ ಪಾಲನ್ನು ಪ್ರತಿವರ್ಷ ಈ ಭಾಗದಲ್ಲೇ ನಡೆಯುವ, ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳ ಸ್ಪರ್ಧೆಗೆ ತೆಗೆದಿಡಲಿ. ಗೆದ್ದ ಪುಸ್ತಕವನ್ನು ಕಮಲಾಪುರದಿಂದ ಹಿಡಿದು ಎಲ್ಲ ತಾಲ್ಲೂಕುಗಳ ಪ್ರೌಢಶಾಲೆಗಳಿಗೂ ಅರಿವು ಕೇಂದ್ರಗಳಿಗೂ ಸಗಟಾಗಿ ಕೊಂಡು ಹಂಚಲಿ. ತೀರ್ಪುಗಾರರಲ್ಲಿ ಅರ್ಧದಷ್ಟು ಜನ ಒಂಬತ್ತು-ಹತ್ತನೇ ತರಗತಿಯ ವಿದ್ಯಾರ್ಥಿಗಳೇ ಆಗಿರಲಿ. ಪ್ರಕಾಶಕರು ನೂರು ಪುಟಕ್ಕೆ ನಿಲ್ಲಿಸಿ ಎಂದು ಲೇಖಕರ ಕೈ ಕಟ್ಟದಿರಲಿ. ಲೇಖಕರು ಪಾಟರನ ಚೌಕಟ್ಟನ್ನು ಮನೆಯಲ್ಲಿ ಬಿಟ್ಟು, ಕಲಬುರಗಿಯ ಬಸ್ಸು ಹತ್ತಿ ಬರಲಿ.